ಬಾಳೆ ಎಲೆಯೂ ಟೇಸ್ಟಿಂಗ್ ಮೆನುವೇ

ದೊಡ್ಡ ತಟ್ಟೆ, ಮಧ್ಯದಲ್ಲಿ ಒಂದು ಚಮಚದಷ್ಟು ತಿನಿಸು, ಪಕ್ಕದಲ್ಲಿ ಎರಡು ಹೂವಿನ ಎಸಳು. ಇಂಥ ರೀಲ್ಸ್ ಬಂದಾಗಲೆಲ್ಲ ನಮ್ಮ ಕ್ಲಾಸ್ ಗ್ರೂಪಿನಲ್ಲಿ ಬೀಳುವ ಕಾಮೆಂಟ್ ಒಂದೇ: ‘ಇದನ್ನ ತಿಂದ್ಮೇಲೆ ದರ್ಶಿನಿಗೆ ಹೋಗಿ ಎರಡು ಮಸಾಲೆ ದೋಸೆ ತಿನ್ಬೇಕು ಮಗಾ.’ ನಗು ಬರುತ್ತದೆ, ನಿಜ. ಆದರೆ ಅಂಥದೊಂದು ಊಟ ಮಾಡಿ ಬಂದವನಾಗಿ ನನಗೆ ಈ ಜೋಕಿನ ಬಗ್ಗೆ ಸ್ವಲ್ಪ ತಕರಾರಿದೆ.

ಗೊತ್ತಿಲ್ಲದವರಿಗೆ ಹೇಳುವುದಾದರೆ, ಟೇಸ್ಟಿಂಗ್ ಮೆನುವಿನಲ್ಲಿ ನಾವು ಆರ್ಡರ್ ಮಾಡುವ ಹಾಗಿಲ್ಲ. ಏನು ಕೊಡಬೇಕು, ಯಾವುದರ ನಂತರ ಯಾವುದು, ಎಷ್ಟು ತುತ್ತು ಎಲ್ಲವನ್ನೂ ಅಡುಗೆಯವನೇ ತೀರ್ಮಾನಿಸುತ್ತಾನೆ. ಕೆಲವರು ಇದನ್ನು ಆಟವೇ ಮಾಡಿಬಿಟ್ಟಿದ್ದಾರೆ. ಕೋಲ್ಕತ್ತದಲ್ಲಿ ಹುಟ್ಟಿದ ಗಗನ್ ಆನಂದ್ ಬ್ಯಾಂಕಾಕ್‌ನ ತಮ್ಮ ರೆಸ್ಟೊರೆಂಟಿನಲ್ಲಿ ಮೆನುವನ್ನು ಬರೀ ಇಮೋಜಿಗಳಲ್ಲಿ ಕೊಡುತ್ತಿದ್ದರು. ಅದರಲ್ಲೊಂದನ್ನು ಚಮಚ, ಕೈ ಏನೂ ಬಳಸದೆ ತಟ್ಟೆಯಿಂದ ನೆಕ್ಕಿಯೇ ತಿನ್ನಬೇಕು! 2015ರಿಂದ 2018ರವರೆಗೆ ಸತತ ನಾಲ್ಕು ವರ್ಷ ಏಷ್ಯಾದ 50 ಅತ್ಯುತ್ತಮ ರೆಸ್ಟೊರೆಂಟ್‌ಗಳ ಪಟ್ಟಿಯಲ್ಲಿ ಅದೇ ಮೊದಲು. ನಮ್ಮಲ್ಲೂ ಬೆಂಗಳೂರಿನ ಉತ್ತರದ ಅಂಚಿನಲ್ಲಿ ಫಾರ್ಮ್‌ಲೋರ್ ಎಂಬುದು ತೋಟದ ನಡುವೆ ಇಂಥದೇ ಊಟ ಬಡಿಸುತ್ತಿದೆ.

ನಾನು ಉಂಡದ್ದು ಮುಂಬೈನಲ್ಲಿ. ಪ್ರಾಜೆಕ್ಟ್ ಸ್ಪರ್ಧೆಗೆ ಹೋಗಿದ್ದ ನಮ್ಮ ತಂಡವನ್ನು ಪ್ರಾಯೋಜಕರು ಕೊನೆಯ ರಾತ್ರಿ ಕರೆದುಕೊಂಡು ಹೋದರು. ಸ್ವಂತ ದುಡ್ಡಿನಲ್ಲಾದರೆ ಆ ಬಾಗಿಲಿನ ಹತ್ತಿರವೂ ಸುಳಿಯುತ್ತಿರಲಿಲ್ಲ. ಹನ್ನೊಂದು ಐಟಂ. ನಿಜವಾದ ಕಲ್ಲುಗಳ ನಡುವೆ ಒಂದು ಆಲೂಗಡ್ಡೆ, ಯಾವುದು ಅಂತ ನಾವೇ ಹುಡುಕಬೇಕು. ಪುಟ್ಟ ಗಿಡದ ಕೊಂಬೆಗೆ ನೇತುಹಾಕಿದ ಪಾನಿಪೂರಿ. ಚಮಚದಲ್ಲಿ ಮೊಟ್ಟೆಯ ಹಳದಿಯಂತೆ ನಡುಗುವ ಬಿಳಿ ಉಂಡೆ. ಬಾಯಲ್ಲಿ ಒಡೆದರೆ ಮೊಸರು. ಇದರ ಗುಟ್ಟು ಕೆಮಿಸ್ಟ್ರಿ: ಸೋಡಿಯಂ ಆಲ್ಜಿನೇಟ್ ಕರಗಿಸಿದ ನೀರಿಗೆ ಮೊಸರು ಬಿಟ್ಟರೆ, ಮೊಸರಿನ ಕ್ಯಾಲ್ಸಿಯಂ ಅದರ ಜೊತೆ ಸೇರಿ ಸುತ್ತಲೂ ತೆಳು ಪೊರೆ ಕಟ್ಟುತ್ತದೆ, ಒಳಗೆ ದ್ರವ ಹಾಗೇ ಉಳಿಯುತ್ತದೆ. ಸ್ಪೇನ್‌ನ ಎಲ್ ಬುಲ್ಲಿ ಪ್ರಸಿದ್ಧಗೊಳಿಸಿದ ವಿದ್ಯೆ ಇದು. ಫಸ್ಟ್ ಸೆಮ್‌ನಲ್ಲಿ ಕೆಮಿಸ್ಟ್ರಿಯನ್ನು ಹೀಗೆ ಬಾಯಿಗೆ ಹಾಕಿದ್ದರೆ ಎಷ್ಟೋ ಜನರ ಬ್ಯಾಕ್‌ಲಾಗ್ ಉಳಿಯುತ್ತಿರಲಿಲ್ಲ ಅನ್ನಿಸಿತು. ಹೊಟ್ಟೆಯೂ ತುಂಬಿತು, ದರ್ಶಿನಿ ಬೇಕಾಗಲಿಲ್ಲ.

ಮಜಾ ಇದ್ದದ್ದು ಇನ್ನೊಂದರಲ್ಲಿ. ಪ್ರತಿ ತಟ್ಟೆ ಬಂದಾಗ ಒಬ್ಬರು ಬಂದು ಎರಡು ನಿಮಿಷ ವಿವರಿಸುತ್ತಿದ್ದರು. ಹುಳಿ ಯಾಕೆ ಈಗ, ಸಿಹಿ ಯಾಕೆ ಆಮೇಲೆ, ಈ ಐಟಂ ಶೆಫ್‌ನ ಬಾಲ್ಯದ ಯಾವ ನೆನಪು ಇತ್ಯಾದಿ. ನನ್ನ ಪಕ್ಕದವನು ‘ಎಂಥಾ ಕಾನ್ಸೆಪ್ಟ್ ಗುರೂ’ ಎಂದ. ನನಗೆ ಮಾತ್ರ ಇದನ್ನೆಲ್ಲ ಎಲ್ಲೋ ನೋಡಿದ್ದೇನಲ್ಲ ಅನ್ನಿಸುತ್ತಿತ್ತು. ಎಲ್ಲೋ ಏನು, ನಮ್ಮ ಮನೆಯಲ್ಲೇ.

ನಮ್ಮಪ್ಪ ಮದುವೆ ಅಡುಗೆಯವರು. ಬನಶಂಕರಿ, ಜಯನಗರ, ಜೆ.ಪಿ. ನಗರದ ಕಲ್ಯಾಣ ಮಂಟಪಗಳಲ್ಲಿ 22 ವರ್ಷಗಳಿಂದ ಒಲೆ ಮುಂದೆ ನಿಂತಿದ್ದಾರೆ. ಬಾಳೆ ಎಲೆ ಊಟವನ್ನು ಒಮ್ಮೆ ಗಮನಿಸಿ ನೋಡಿ. ಅಲ್ಲಿಯೂ ನಾವು ಆರ್ಡರ್ ಮಾಡುವುದಿಲ್ಲ. ಎಲೆಯ ತುದಿ ಎಡಕ್ಕೆ, ಮೇಲೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ. ಅನ್ನ, ತೊವ್ವೆ, ತುಪ್ಪ ಆದಮೇಲೆ ಸಾರು, ಹುಳಿ, ಸಿಹಿ, ಕೊನೆಗೆ ಮಜ್ಜಿಗೆ. ಬೇಳೆಯ ಮೆತ್ತನೆ ರುಚಿಯಿಂದ ಶುರುವಾಗಿ ಖಾರ, ಹುಳಿ ಏರಿ, ಮಜ್ಜಿಗೆಗೆ ಬಂದು ತಣ್ಣಗಾಗುವುದು ಆಕಸ್ಮಿಕವೇನಲ್ಲ. ಆಟವೂ ನಮಗೆ ಹೊಸದಲ್ಲ. ಭೂಮದ ಊಟದಲ್ಲಿ ತಟ್ಟೆಯಗಲದ ಚಕ್ಕುಲಿ, ತೆಂಗಿನಕಾಯಿ ಗಾತ್ರದ ಲಾಡು ಇಟ್ಟು, ಬೀಗರನ್ನು ಛೇಡಿಸಿ ಹಾಡುವುದು ಇನ್ನೇನು? ಅಡುಗೆಯನ್ನು ಶಾಸ್ತ್ರವಾಗಿ ಕಂಡವರೂ ನಮ್ಮಲ್ಲಿದ್ದರು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗಕ್ಕೇ ಒಂದು ಅಧ್ಯಾಯವಿದೆ, ಮೂರನೇ ಮಂಗರಸ 16ನೇ ಶತಮಾನದ ಆರಂಭದಲ್ಲಿ ‘ಸೂಪಶಾಸ್ತ್ರ’ವನ್ನು ಕನ್ನಡ ಪದ್ಯದಲ್ಲೇ ಬರೆದ.

ಇಷ್ಟು ದೂರ ಹೋಗುವುದೂ ಬೇಡ. ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಮಧ್ಯಾಹ್ನ ಹೋಗಿ. ಊಟ ಹಣ್ಣಿನ ರಸದಿಂದ ಶುರುವಾಗುತ್ತದೆ, ಬೆಳ್ಳಿ ಲೋಟದಲ್ಲಿ. ಆಮೇಲೆ ಒಂದಾದ ಮೇಲೊಂದು ಬರುತ್ತಲೇ ಇರುತ್ತದೆ, ಬಿಸಿಬೇಳೆ ಬಾತ್ ದಾಟುವಷ್ಟರಲ್ಲಿ ಹಲವರು ಸುಸ್ತು. 1924ರಲ್ಲಿ ಶುರುವಾದ ಹೋಟೆಲು ಅದು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳ ಶುಚಿತ್ವ, ಶಿಸ್ತು ನೋಡಿ ಬಂದರು. ಬಂದು ಇಡ್ಲಿ ದೋಸೆಯನ್ನೇ ಇನ್ನಷ್ಟು ಚೆನ್ನಾಗಿ ಮಾಡಿದರು. ಎರಡನೇ ಮಹಾಯುದ್ಧದಲ್ಲಿ ಅಕ್ಕಿಯ ಅಭಾವವಾದಾಗ ರವೆ ಇಡ್ಲಿ ಹುಟ್ಟಿದ್ದೂ ತಮ್ಮಲ್ಲೇ ಎನ್ನುತ್ತದೆ ಆ ಹೋಟೆಲು. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ದರ ಇಳಿಸು ಎಂದಾಗ ರುಚಿ ಕೆಡಿಸುವ ಬದಲು ಬಾಗಿಲು ಹಾಕಿದರು, ದಿಢೀರ್ ಮಿಕ್ಸ್ ವ್ಯಾಪಾರಕ್ಕೆ ಇಳಿದರು. ಇದಕ್ಕಿಂತ ದೊಡ್ಡ ಸ್ಟಾರ್ಟ್‌ಅಪ್ ಕಥೆ ಬೇಕಾ?

ಹಾಗಾದರೆ ವ್ಯತ್ಯಾಸವೆಲ್ಲಿ? ಹೆಸರಿನಲ್ಲಿ ಮತ್ತು ದುಡ್ಡಿನಲ್ಲಿ. ಮುಂಬೈನಲ್ಲಿ ಊಟ ಮುಗಿದಮೇಲೆ ಶೆಫ್ ಹೊರಗೆ ಬಂದರು, ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಸೆಲ್ಫಿ ಆಯಿತು. ನಾನೂ ತಟ್ಟಿದೆ, ಅವರ ಕೆಲಸಕ್ಕೆ ಅದು ಸಲ್ಲಬೇಕಾದದ್ದೇ. ನಮ್ಮ ಮದುವೆಗಳಲ್ಲೂ ಹಿರಿಯರು ಕೈ ತೊಳೆಯುತ್ತಾ ‘ಅಡುಗೆ ಯಾರದ್ದು?’ ಎಂದು ಕೇಳುತ್ತಾರೆ. ನಮ್ಮ ವಯಸ್ಸಿನವರು ಕೇಳಿದ್ದು ನಾನು ನೋಡಿಲ್ಲ. ಸ್ಟೇಟಸ್‌ನಲ್ಲಿ ಫೋಟೊದವರು, ಮೇಕಪ್‌ನವರು, ಡೆಕೊರೇಶನ್‌ನವರು ಎಲ್ಲರೂ ಟ್ಯಾಗ್ ಆಗುತ್ತಾರೆ. 400 ಎಲೆ ಎಂದು ಹೇಳಿ 550 ಜನ ಬಂದಾಗ, ಮೂರನೇ ಪಂಕ್ತಿಗೂ ಹುಳಿ ನೀರಾಗದಂತೆ ನೋಡಿಕೊಂಡವರು ಮಾತ್ರ ಎಲ್ಲೂ ಇಲ್ಲ. ಮೊಸರಿನ ಉಂಡೆಗಿಂತ ಇದು ಕಷ್ಟದ ಇಂಜಿನಿಯರಿಂಗ್ ಎಂದೇ ನನ್ನ ಅಭಿಪ್ರಾಯ. ಅಲ್ಲಿ ತಪ್ಪಿದರೆ ಒಂದು ಚಮಚ ಹೋಗುತ್ತದೆ, ಇಲ್ಲಿ ಒಂದು ಕೊಪ್ಪರಿಗೆ.

ಅಪ್ಪನಿಗೆ ಮುಂಬೈ ಊಟದ ಫೋಟೊ ತೋರಿಸಿದೆ. ಕಲ್ಲಿನ ನಡುವಿನ ಆಲೂಗಡ್ಡೆ ನೋಡಿ ನಕ್ಕರು. ಮೊಸರಿನ ಉಂಡೆಯನ್ನು ಮಾತ್ರ ಎರಡು ಬೆರಳಿನಲ್ಲಿ ಜೂಮ್ ಮಾಡಿ ತುಂಬಾ ಹೊತ್ತು ನೋಡಿ, ‘ಒಡೆಯದೆ ಎಷ್ಟು ಹೊತ್ತು ಇರುತ್ತೆ? ಪಂಕ್ತಿಗೆ ಬಡಿಸೋಕೆ ಆಗುತ್ತಾ?’ ಎಂದರು. ತಕ್ಷಣವೇ, ‘ನೀನು ಇದರಲ್ಲೆಲ್ಲ ತಲೆ ಹಾಕ್ಬೇಡ, ಓದ್ಕೋ’ ಎಂದು ಫೋನು ವಾಪಸ್ ಕೊಟ್ಟರು. ಒಲೆಯ ಕೆಲಸ ತನ್ನಲ್ಲೇ ಮುಗಿಯಲಿ ಎಂಬುದು ಅವರ ಆಸೆ. ನನ್ನ ಬಿಇ ಫೀಸು ಕಟ್ಟುತ್ತಿರುವುದು ಅದಕ್ಕೇ. ಅವರ ಜೊತೆಗಿದ್ದ ಇಬ್ಬರು ಹಿರಿಯ ಅಡುಗೆಯವರ ಮಕ್ಕಳೂ ಇವತ್ತು ಕಂಪನಿಗಳಲ್ಲಿದ್ದಾರೆ. ನಾನೂ ಬರುವ ವರ್ಷ ಪ್ಲೇಸ್‌ಮೆಂಟಿಗೆ ಕೂರುತ್ತೇನೆ, ಅದನ್ನು ಬಿಡುವ ಮಾತಿಲ್ಲ. ಆದರೆ ಒಬ್ಬನೇ ಒಬ್ಬ ಮಗ ‘ಅಪ್ಪನ ಕೆಲಸ ಮುಂದುವರಿಸ್ತೀನಿ’ ಎಂದರೆ ಮನೆಯವರು ಗಾಬರಿಯಾಗುವ ಸ್ಥಿತಿ ಯಾಕಿದೆ ಅನ್ನುವುದು ನನ್ನ ಪ್ರಶ್ನೆ. ಅದೇ ಮಗ ಹೋಟೆಲ್ ಮ್ಯಾನೇಜ್‌ಮೆಂಟ್ ಮಾಡಿ ಶೆಫ್ ಆಗ್ತೀನಿ ಎಂದರೆ ಅಷ್ಟು ಗಾಬರಿ ಇರುವುದಿಲ್ಲ.

ಮದುವೆ ಮಾತುಕತೆಗೆ ಬಂದವರು ಅಪ್ಪನ ಹತ್ತಿರ ಎಲೆಗೆ 20 ರೂಪಾಯಿ ಕಡಿಮೆ ಮಾಡಿ ಎಂದು ಅರ್ಧ ಗಂಟೆ ಚೌಕಾಸಿ ಮಾಡುತ್ತಾರೆ. ನಿಮ್ಮ ಅಣ್ಣನದೋ ಅಕ್ಕನದೋ ಮದುವೆಗೆ ಆ ಮಾತುಕತೆಯಲ್ಲಿ ನೀವೂ ಕೂತಿದ್ದರೆ, ಡ್ರೋನ್ ಕ್ಯಾಮೆರಾದವರ ಹತ್ತಿರ ಎಷ್ಟು ಹೊತ್ತು ಚೌಕಾಸಿ ನಡೆಯಿತು ಅಂತ ಒಮ್ಮೆ ನೋಡಿ.