ಇಮೇಲಿನಲ್ಲಿ ಬಂದ ಫೋಟೊ ಯಾರ ವಶದಲ್ಲಿರಬೇಕು?

ಇಮೇಲಿನಲ್ಲಿ ಬಂದ ಫೋಟೊಗಳನ್ನು ಮನೆಯ ಕಂಪ್ಯೂಟರಿಗೆ ಇಳಿಸಿಕೊಂಡು ಇಡಬೇಕೆ, ಇನ್‌ಬಾಕ್ಸಿನಲ್ಲೇ ಬಿಟ್ಟರೆ ಸಾಲದೆ ಎಂಬ ಪ್ರಶ್ನೆ ಮೊದಮೊದಲು ಹುಟ್ಟುವಂತೆಯೇ ಇರಲಿಲ್ಲ. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಸಹೋದ್ಯೋಗಿ ಜ್ಯಾಕ್ ಸ್ಮಿತ್ ಜೊತೆಗೂಡಿ 1996ರ ಜುಲೈ 4ರಂದು ಹಾಟ್‌ಮೇಲ್ ಶುರುಮಾಡಿದಾಗ ಒಬ್ಬರಿಗೆ ಸಿಗುತ್ತಿದ್ದ ಜಾಗ 2 ಎಂಬಿ. ಈಗಿನ ಫೋನಿನಲ್ಲಿ ತೆಗೆದ ಒಂದೇ ಫೋಟೊಗೆ ಅಷ್ಟು ಸಾಲುವುದು ಕಷ್ಟ. ಬಂದ ಚಿತ್ರವನ್ನು ಇಳಿಸಿಕೊಂಡು, ಮೇಲ್ ಅಳಿಸಿ, ಮುಂದಿನ ಪತ್ರಕ್ಕೆ ಜಾಗ ಮಾಡಿಕೊಡುವುದು ಅನಿವಾರ್ಯವಾಗಿತ್ತು. 2004ರ ಏಪ್ರಿಲ್ 1ರಂದು ಜಿಮೇಲ್ 1 ಜಿಬಿ ಜಾಗದೊಡನೆ ಬಂದ ಮೇಲೆ ಆ ತಾಪತ್ರಯ ತಪ್ಪಿತು. ಅದರ ಜೊತೆಗೆ ಇಳಿಸಿಕೊಳ್ಳುವ ರೂಢಿಯೂ ತಪ್ಪಿತು. ಅಮೆರಿಕದಿಂದ ಮಗಳು ಕಳಿಸಿದ ನಾಮಕರಣದ ಫೋಟೊ ಎಲ್ಲಿದೆ ಎಂದು ಕೇಳಿದರೆ ಮೈಸೂರಿನ ಅಜ್ಜ "ಮೇಲ್‌ನಲ್ಲೇ ಇದೆಯಲ್ಲ" ಎನ್ನತೊಡಗಿದ್ದು ಅಲ್ಲಿಂದೀಚೆಗೆ.

ಆ ಉತ್ತರದಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ದೊಡ್ಡ ಮೇಲ್ ಕಂಪನಿಗಳು ಒಂದೇ ಕಡತದ ಪ್ರತಿಗಳನ್ನು ಬೇರೆ ಬೇರೆ ಯಂತ್ರಗಳಲ್ಲಿ ಇಟ್ಟಿರುತ್ತವೆ. ಒಂದು ಡಿಸ್ಕ್ ಕೆಟ್ಟರೆ ಬಳಕೆದಾರರಿಗೆ ಅದರ ಸುಳಿವೂ ಹತ್ತುವುದಿಲ್ಲ. ಮನೆಯ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಡಿಸ್ಕ್. ಸಿಡಿಲು, ವೋಲ್ಟೇಜ್ ಏರಿಳಿತ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್, ಕೊನೆಗೆ ಡಿಸ್ಕಿನ ವಯಸ್ಸು, ಇಷ್ಟರಲ್ಲಿ ಯಾವುದೊಂದು ಎದುರಾದರೂ ಎಲ್ಲ ಹೋದಂತೆಯೇ. ಯಂತ್ರ ಕೆಡುವ ಭಯವೊಂದನ್ನೇ ಅಳೆದರೆ ಮೇಲ್ ಕಂಪನಿಯ ಪಕ್ಷವೇ ಗೆಲ್ಲುತ್ತದೆ.

ಆದರೆ ಮೇಲ್‌ನಲ್ಲಿರುವ ಫೋಟೊ ಕೈತಪ್ಪುವ ದಾರಿಯೇ ಬೇರೆ. ಅಲ್ಲಿ ಕೆಡುವುದು ಯಂತ್ರವಲ್ಲ, ಖಾತೆಗೂ ಅದರ ಒಡೆಯರಿಗೂ ಇರುವ ನಂಟು. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅವುಗಳೊಳಗಿನ ಮೇಲ್, ಫೋಟೊ ಸಮೇತ ಅಳಿಸುವ ನಿಯಮವನ್ನು ಗೂಗಲ್ 2023ರಲ್ಲಿ ಪ್ರಕಟಿಸಿ, ಆ ವರ್ಷದ ಡಿಸೆಂಬರಿನಿಂದ ಜಾರಿಗೆ ತಂದಿತು. ಪಾಸ್‌ವರ್ಡ್ ಮರೆತವರಿಗೆ ಒಟಿಪಿ ಹೋಗುವುದು ಹಳೆಯ ಮೊಬೈಲ್ ನಂಬರಿಗೆ; ರೀಚಾರ್ಜ್ ಮಾಡದೆ ಬಿಟ್ಟ ಆ ನಂಬರು ಅಷ್ಟರಲ್ಲಿ ಇನ್ನೊಬ್ಬರ ಪಾಲಾಗಿರುತ್ತದೆ. ಉಚಿತ ಜಾಗದ 15 ಜಿಬಿ ಮೇಲ್‌ಗಷ್ಟೇ ಮೀಸಲಲ್ಲ, ಡ್ರೈವ್ ಮತ್ತು ಫೋಟೊಸ್ ಕೂಡ ಅದರಲ್ಲೇ ಪಾಲು ಕೇಳುತ್ತವೆ. ತುಂಬಿದ ಮೇಲೆ ಹೊಸ ಮೇಲ್ ಬರುವುದೇ ನಿಲ್ಲುತ್ತದೆ. ಸೇವೆಯೇ ಮುಚ್ಚಿಹೋಗುವುದೂ ಉಂಟು. ಭಾರತೀಯರು ಮುಗಿಬಿದ್ದು ಬಳಸಿದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಅಲ್ಲಿದ್ದ ಫೋಟೊಗಳನ್ನು ಇಳಿಸಿಕೊಳ್ಳಲು ಮತ್ತೆರಡು ವರ್ಷ ಅವಕಾಶವಿತ್ತು. ಬಳಸಿಕೊಂಡವರ ಫೋಟೊ ಉಳಿಯಿತು. ಪ್ರಶ್ನೆ ಇರುವುದು ಯಾರ ಡಿಸ್ಕ್ ಗಟ್ಟಿ ಎಂಬುದರಲ್ಲಲ್ಲ, ಫೋಟೊ ಯಾರ ನಿಯಮಕ್ಕೆ ಒಳಪಟ್ಟಿದೆ ಎಂಬುದರಲ್ಲಿ.

ಇಳಿಸಿಕೊಳ್ಳಲು ಹೊರಟವರು ಮೇಲ್‌ನಲ್ಲಿ ಫೋಟೊ ಹೇಗೆ ಬರುತ್ತದೆ ಎಂಬುದನ್ನು ತಿಳಿದರೆ ಒಳ್ಳೆಯದು. ಇಮೇಲ್ ಹುಟ್ಟಿದ್ದು ಬರಿಯ ಅಕ್ಷರಗಳಿಗಾಗಿ. ಚಿತ್ರ, ಧ್ವನಿಗಳನ್ನೂ ಅದರಲ್ಲಿ ಕಳಿಸುವ ಮೈಮ್ ಎಂಬ ಕ್ರಮವನ್ನು ನಥಾನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ರೂಪಿಸಿದ್ದು 1992ರಲ್ಲಿ. ಫೋಟೊದ ಪ್ರತಿ ಮೂರು ಬೈಟುಗಳನ್ನು ನಾಲ್ಕು ಅಕ್ಷರಗಳಾಗಿ ಬರೆದು ಪತ್ರದೊಳಗೆ ಸೇರಿಸಲಾಗುತ್ತದೆ. 3 ಎಂಬಿಯ ಫೋಟೊ ದಾರಿಯಲ್ಲಿ 4 ಎಂಬಿಗಿಂತ ತುಸು ಹೆಚ್ಚೇ ತೂಗುತ್ತದೆ. ಮೇಲ್‌ನ ಮೂಲರೂಪವನ್ನು ತೆರೆದು ನೋಡಿದರೆ ಸಾವಿರಾರು ಸಾಲು ಅರ್ಥವಿಲ್ಲದ ಅಕ್ಷರಗಳು ಕಾಣುತ್ತವೆ. ಜೆಪೆಗ್ ಚಿತ್ರವಾದರೆ ಅದರ ಮೊದಲ ನಾಲ್ಕು ಗುರುತುಗಳು ಓರೆಗೆರೆ, ಒಂಬತ್ತು, ಜೆ, ಮತ್ತೆ ಓರೆಗೆರೆ. ಏಕೆಂದರೆ ಜೆಪೆಗ್ ಕಡತಗಳೆಲ್ಲ ಆರಂಭವಾಗುವುದು ಅವೇ ಮೂರು ಬೈಟುಗಳಿಂದ. ಇಳಿಸಿದಾಗ ಈ ಅಕ್ಷರಗಳು ಮರಳಿ ಬೈಟುಗಳಾಗಿ, ಕಳಿಸಿದ ಕಡತವೇ ಒಂದು ಚುಕ್ಕೆಯೂ ವ್ಯತ್ಯಾಸವಿಲ್ಲದೆ ಸಿಗುತ್ತದೆ. ಚಿತ್ರವನ್ನು ಹಿಂಡಿ ಸಣ್ಣದು ಮಾಡಿ ದಾಟಿಸುವ ವಾಟ್ಸ್ಆ್ಯಪ್‌ಗಿಂತ ಮೇಲ್ ಮೇಲಾಗಿರುವುದು ಈ ಒಂದು ಗುಣದಲ್ಲಿ. ಮದುವೆಯ ಫೋಟೊಗಳನ್ನು ವಾಟ್ಸ್ಆ್ಯಪ್‌ನಲ್ಲೇ ಹಂಚಿ ಮುಗಿಸುವವರು ಇದನ್ನು ಗಮನಿಸುವುದು ಕಡಿಮೆ.

ಹಾಗಿದ್ದೂ ಮಸುಕಾದ ಫೋಟೊ ಕೈಸೇರುವುದುಂಟು. ಕೆಲವೊಮ್ಮೆ ಕಳಿಸುವ ಹೊತ್ತಿಗೇ ಅದು ಕುಗ್ಗಿರುತ್ತದೆ. ಐಫೋನಿನ ಮೇಲ್, ಫೋಟೊವನ್ನು ಸಣ್ಣದಾಗಿಯೋ ಮಧ್ಯಮ ಗಾತ್ರದಲ್ಲೋ ಇದ್ದಂತೆಯೋ ಕಳಿಸಬೇಕೆಂದು ಕೇಳುತ್ತದೆ, ಅವಸರದಲ್ಲಿದ್ದವರು ಸಣ್ಣದನ್ನು ಒತ್ತುತ್ತಾರೆ. ಇನ್ನು ಕೆಲವೊಮ್ಮೆ ತಪ್ಪು ಇಳಿಸುವವರದು. ಪರದೆಯ ಮೇಲೆ ಕಂಡ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ ಉಳಿಸಿದರೆ ಹಲವು ವೇಳೆ ಸಿಗುವುದು ನೋಡಲೆಂದು ಕಿರಿದುಗೊಳಿಸಿದ ಪ್ರತಿ. ಅಟ್ಯಾಚ್‌ಮೆಂಟಿನ ಡೌನ್‌ಲೋಡ್ ಗುರುತನ್ನೇ ಒತ್ತಬೇಕು. ಎಲ್ಲಕ್ಕಿಂತ ಮೋಸದ್ದು ಲಿಂಕ್. ಒಟ್ಟು ಗಾತ್ರ 25 ಎಂಬಿ ದಾಟಿದರೆ ಜಿಮೇಲ್ ಅಟ್ಯಾಚ್‌ಮೆಂಟಿನ ಬದಲು ಡ್ರೈವ್‌ನ ಲಿಂಕ್ ಕಳಿಸುತ್ತದೆ. ನೋಡುವವರಿಗೆ ಫೋಟೊ ಬಂದಂತೆಯೇ ಕಾಣುತ್ತದೆ, ಆದರೆ ಅದು ಬಂದೇ ಇರುವುದಿಲ್ಲ. ಕಳಿಸಿದವರು ತಮ್ಮ ಡ್ರೈವ್ ಖಾಲಿ ಮಾಡಿದ ದಿನ ಆ ಲಿಂಕ್ ಸತ್ತಿತು. "ಮೇಲ್‌ನಲ್ಲೇ ಇದೆಯಲ್ಲ" ಎಂಬ ಭರವಸೆ ಪೂರ್ತಿ ಸುಳ್ಳಾಗುವುದು ಇಲ್ಲಿ.

ಹಾಗೆಂದು ಡೌನ್‌ಲೋಡ್ ಒತ್ತಿದೊಡನೆ ಫೋಟೊ ಉಳಿಯಿತು ಎನ್ನಲಾಗದು. ಇನ್‌ಬಾಕ್ಸಿನಲ್ಲಿದ್ದಾಗ ಅದರ ಸುತ್ತ ಒಂದು ಪತ್ರವಿರುತ್ತದೆ. ಯಾರು ಕಳಿಸಿದರು, ಯಾವಾಗ, "ಎಡಗಡೆ ಕೂತವರು ಅಜ್ಜಿಯ ತಂಗಿ, ತೀರ್ಥಹಳ್ಳಿ ಮನೆಯ ಜಗಲಿಯಲ್ಲಿ ತೆಗೆದದ್ದು" ಎಂಬ ವಿವರ, ಎಲ್ಲ ಅಲ್ಲಿರುತ್ತದೆ. ಇಳಿಸಿದಾಗ ಚಿತ್ರ ಮಾತ್ರ ಬರುತ್ತದೆ, ಪತ್ರ ಹಿಂದುಳಿಯುತ್ತದೆ. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಅದು ವಿದ್ಯುತ್ ಬಿಲ್ಲು, ರೈಲು ಟಿಕೆಟ್ಟುಗಳ ನಡುವೆ ಕ್ಯಾಮೆರಾ ಕೊಟ್ಟ ಐಎಂಜಿ_0412 ಎಂಬಂಥ ಹೆಸರಿನಲ್ಲಿ ಬಿದ್ದಿರುತ್ತದೆ. ಅದೇ ಹೆಸರಿನ ಇನ್ನೊಂದು ಚಿತ್ರ ಬೇರೆ ನೆಂಟರಿಂದ ಬಂದರೆ ಬ್ರೌಸರ್ ಅದಕ್ಕೆ 1 ಎಂದು ಬಾಲ ಅಂಟಿಸಿ ಸುಮ್ಮನಾಗುತ್ತದೆ. ಫೋಲ್ಡರಿನಲ್ಲಿ ಕಾಣುವ ತಾರೀಖು ಫೋಟೊ ತೆಗೆದ ದಿನದ್ದಲ್ಲ, ಇಳಿಸಿದ ದಿನದ್ದು. ಡಿಜಿಟಲ್ ಕ್ಯಾಮೆರಾ ತೆಗೆದ ಸಮಯವನ್ನು ಎಕ್ಸಿಫ್ ಎಂಬ ಮಾಹಿತಿಯಾಗಿ ಕಡತದೊಳಗೇ ಬರೆದಿರುತ್ತದೆ ನಿಜ. ಆದರೆ ಹಳೆಯ ಕಪ್ಪು ಬಿಳುಪು ಚಿತ್ರವನ್ನು ಸ್ಕ್ಯಾನ್ ಮಾಡಿ ಕಳಿಸಿದ್ದರೆ ಅದರಲ್ಲಿ ಇರುವುದು, ಇದ್ದರೆ, ಸ್ಕ್ಯಾನ್ ಮಾಡಿದ ದಿನ ಮಾತ್ರ. ಚಿತ್ರದಲ್ಲಿರುವವರ ಹೆಸರನ್ನಂತೂ ಕ್ಯಾಮೆರಾ ತಾನಾಗಿ ಬರೆಯುವುದಿಲ್ಲ.

ಆದ್ದರಿಂದ ಮುಖ್ಯವಾದ ಫೋಟೊಗಳ ಜೊತೆ ಪತ್ರವನ್ನೂ ಇಳಿಸಿಕೊಳ್ಳುವುದು ಸರಿಯಾದ ಕ್ರಮ. ಮೇಲನ್ನು ಪಿಡಿಎಫ್ ಮಾಡಿ ಅದೇ ಫೋಲ್ಡರಿನಲ್ಲಿ ಇಡಬಹುದು. ಇಲ್ಲವೆ ಇಡೀ ಪತ್ರವನ್ನು ಅಟ್ಯಾಚ್‌ಮೆಂಟ್ ಸಮೇತ ಇಎಂಎಲ್ ಕಡತವಾಗಿ ಇಳಿಸಬಹುದು, ಥಂಡರ್‌ಬರ್ಡ್‌ನಂಥ ಉಚಿತ ತಂತ್ರಾಂಶದಲ್ಲಿ ಅದು ತೆರೆದುಕೊಳ್ಳುತ್ತದೆ. ಫೋಲ್ಡರಿನ ಹೆಸರನ್ನು ವರ್ಷ, ತಿಂಗಳು, ದಿನ, ಸಂದರ್ಭ ಎಂಬ ಕ್ರಮದಲ್ಲಿ ಬರೆದರೆ ಕಂಪ್ಯೂಟರೇ ಕಾಲಾನುಕ್ರಮದಲ್ಲಿ ಜೋಡಿಸುತ್ತದೆ. ದಿನವನ್ನು ಮೊದಲಿಟ್ಟರೆ ಎಲ್ಲ ವರ್ಷಗಳ ಒಂದನೇ ತಾರೀಖುಗಳು ಒಂದೆಡೆ ಸೇರಿ ಗೊಂದಲವಾಗುತ್ತದೆ. ಹೆಸರನ್ನು ಕನ್ನಡದಲ್ಲಿ ಬರೆಯಲು ಈಗ ಯಾವ ಅಡ್ಡಿಯೂ ಇಲ್ಲ. ಖಾತೆಯ ಎಲ್ಲ ಮೇಲ್‌ಗಳನ್ನೂ ಒಂದೇ ಸಲಕ್ಕೆ ಕೊಡುವ ಗೂಗಲ್ ಟೇಕ್‌ಔಟ್ ಅನುಕೂಲವೇನೋ ಹೌದು, ಆದರೆ ಅದು ಕೊಡುವ ಎಂಬಾಕ್ಸ್ ಕಡತದಲ್ಲಿ ಫೋಟೊಗಳೆಲ್ಲ ಅಕ್ಷರರೂಪದಲ್ಲೇ ಇರುತ್ತವೆ. ಅವನ್ನು ಹೊರತೆಗೆಯದೆ ಆಲ್ಬಮ್ ಆಗುವುದಿಲ್ಲ.

ಇಳಿಸುವ ಮುನ್ನ ಒಂದು ಎಚ್ಚರ ಬೇಕು. 2001ರ ಫೆಬ್ರುವರಿಯಲ್ಲಿ ಟೆನಿಸ್ ಆಟಗಾರ್ತಿ ಆನಾ ಕೂರ್ನಿಕೋವಾ ಅವರ ಫೋಟೊ ಎಂದು ಮೇಲ್‌ಗಳಲ್ಲಿ ಹರಿದಾಡಿದ್ದು ಫೋಟೊವಲ್ಲ, ವೈರಸ್. ಕಡತದ ಹೆಸರು ಜೆಪಿಜಿ ಎಂಬಂತೆ ಕಂಡರೂ ಅದರ ಹಿಂದೆ ಇನ್ನೊಂದು ಬಾಲವಿತ್ತು. ವಿಂಡೋಸ್ ಆ ಬಾಲವನ್ನು ಮರೆಮಾಚುತ್ತಿತ್ತು. ಇಂದಿಗೂ ವಿಂಡೋಸ್ ತಾನಾಗಿ ಅದನ್ನು ತೋರಿಸುವುದಿಲ್ಲ. ತೋರಿಸುವಂತೆ ಸೆಟ್ಟಿಂಗ್ ಬದಲಿಸಿಕೊಳ್ಳುವುದು ಒಂದು ನಿಮಿಷದ ಕೆಲಸ.

ಮನೆಯಲ್ಲಿರುವ ಒಂದೇ ಪ್ರತಿಯನ್ನು ನೆಚ್ಚಿ ಮೇಲ್ ಅಳಿಸುವುದೂ ತಪ್ಪೇ. ಛಾಯಾಗ್ರಾಹಕ ಪೀಟರ್ ಕ್ರೋಗ್ ಹೇಳಿದ ಸೂತ್ರ ಈಗ ಎಲ್ಲರ ಬಾಯಲ್ಲಿದೆ: 3 ಪ್ರತಿ, 2 ಬಗೆಯ ಸಾಧನ, 1 ಪ್ರತಿ ಮನೆಯ ಹೊರಗೆ. ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಡಿಸ್ಕಿನಲ್ಲಿ ಇನ್ನೊಂದು ಇದ್ದರೆ, ಅಳಿಸದೆ ಬಿಟ್ಟ ಮೇಲ್ ತಾನೇ ಮೂರನೆಯದಾಗುತ್ತದೆ. ಬಂದ ಫೋಟೊಗಳಿಗೆಲ್ಲ ಇಷ್ಟು ಉಪಚಾರ ಬೇಕಿಲ್ಲ; ಶುಭೋದಯದ ಹೂವಿನ ಚಿತ್ರಗಳು ಮೇಲ್‌ನಲ್ಲೇ ಸೊರಗಲಿ. ಆದರೆ ಮನೆಯ ಹಿರಿಯರ ಖಾತೆಯಲ್ಲಿ ಹತ್ತು ಹದಿನೈದು ವರ್ಷಗಳ ಫೋಟೊಗಳಿದ್ದರೆ, ಚಿತ್ರದಲ್ಲಿರುವವರು ಯಾರ್ಯಾರೆಂದು ಅವರು ಪಕ್ಕದಲ್ಲಿ ಕೂತು ಹೇಳುವಂತಿರುವಾಗಲೇ ಈ ಕೆಲಸ ಮುಗಿಸಿಕೊಳ್ಳಬೇಕು.