ಒಂದು ತಿರುಪಿನ ರಿಪೇರಿಗೆ ಇಡೀ ಲ್ಯಾಪ್‌ಟಾಪ್ ಬಲಿ!

ಗುದ್ದಲಿಯ ಕಾವು ಮುರಿದರೆ ಗುದ್ದಲಿಯನ್ನೇ ಎಸೆಯುವ ರೈತ ಮಲೆನಾಡಿನಲ್ಲಿಲ್ಲ. ಆದರೆ ಅದೇ ರೈತನ ಮಗಳ ಲ್ಯಾಪ್‌ಟಾಪಿನಲ್ಲಿ ವೈ-ಫೈ ನಿಂತುಹೋದರೆ ಪೇಟೆಯ ಅಂಗಡಿಯಲ್ಲಿ ಎಷ್ಟೋ ಸಲ ಸಿಗುವ ಉಪದೇಶ ಒಂದೇ: 'ಹಳೆಯದಾಯಿತು, ಹೊಸದು ಕೊಳ್ಳಿ.'

ಕೆಟ್ಟಿರುವುದಾದರೂ ಏನು? ಈಚಿನ ಬಹಳಷ್ಟು ಯಂತ್ರಗಳಲ್ಲಿ ಅದು 22 ಮಿ.ಮೀ. ಅಗಲ, 30 ಮಿ.ಮೀ. ಉದ್ದದ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಕಾರ್ಡು. ಅದನ್ನು ಹಿಡಿದಿರುವುದು ಒಂದೇ ತಿರುಪು. ಅನೇಕ ಸಲ ಆ ಕಾರ್ಡೂ ಕೆಟ್ಟಿರುವುದಿಲ್ಲ. ವೈ-ಫೈ ಗುಂಡಿ ಆರಿರಬಹುದು, ಏರೋಪ್ಲೇನ್ ಮೋಡ್ ಚಾಲೂ ಇರಬಹುದು, ಡ್ರೈವರ್ ಹಾಳಾಗಿರಬಹುದು. ಲಿನಕ್ಸ್ ತುಂಬಿದ ಪೆನ್‌ಡ್ರೈವ್‌ನಿಂದ ಯಂತ್ರವನ್ನು ಚಾಲೂ ಮಾಡಿದಾಗ ವೈ-ಫೈ ಬಂದರೆ ಕಾರ್ಡು ಸರಿಯಿದೆ, ತಪ್ಪು ತಂತ್ರಾಂಶದ್ದು. ಎಲ್ಲಿಯೂ ಕಾರ್ಡಿನ ಸುಳಿವೇ ಕಾಣದಿದ್ದರೆ ಮಾತ್ರ ಯಂತ್ರವನ್ನು ಬಿಚ್ಚುವ ಪ್ರಶ್ನೆ.

ಅದೂ ಬ್ರಹ್ಮವಿದ್ಯೆಯಲ್ಲ. ಯಂತ್ರವನ್ನು ಪೂರ್ಣ ಆರಿಸಿ, ಚಾರ್ಜರ್ ಕಳಚಿ, ಬ್ಯಾಟರಿಯ ಸಂಪರ್ಕ ತಪ್ಪಿಸಬೇಕು. ಮೈಯಲ್ಲಿನ ಸ್ಥಿರವಿದ್ಯುತ್ತು ಹರಿದುಹೋಗಲು ಲೋಹವನ್ನೊಮ್ಮೆ ಮುಟ್ಟಬೇಕು. ತಳದ ಮುಚ್ಚಳ ತೆಗೆದರೆ ಕಾರ್ಡಿನ ಮೇಲೆ ಟಿಚ್ ಗುಂಡಿಯಂತೆ ಕೂತಿರುವ, ಸಾಮಾನ್ಯವಾಗಿ ಎರಡು, ಆಂಟೆನಾ ತಂತಿಗಳು ಕಾಣುತ್ತವೆ. ಯಾವ ತಂತಿ ಎಲ್ಲಿಗೆಂದು ಗುರುತಿಟ್ಟುಕೊಂಡು ನೇರ ಮೇಲಕ್ಕೆ ಎತ್ತಬೇಕು. ತಿರುಪು ಬಿಚ್ಚಿದೊಡನೆ ಕಾರ್ಡಿನ ಒಂದು ತುದಿ ತಾನೇ ಮೇಲೇಳುತ್ತದೆ, ಓರೆಯಾಗಿಯೇ ಹೊರಗೆಳೆಯಬೇಕು. ಒಮ್ಮೆ ತೆಗೆದು ಭದ್ರವಾಗಿ ಕೂರಿಸಿದರೇ ಸರಿಹೋಗುವುದುಂಟು. ಹೋಗದಿದ್ದರೆ, ತಂತಿಯ ತುದಿಗಳಿಗೆ ಟೇಪು ಸುತ್ತಿ, ಹೊಸ ಕಾರ್ಡು ಬರುವವರೆಗೆ ಯುಎಸ್‌ಬಿ ಅಡಾಪ್ಟರಿನಿಂದಲೋ ಲ್ಯಾನ್ ಕೇಬಲ್ಲಿನಿಂದಲೋ ಕೆಲಸ ಸಾಗಿಸಬಹುದು.

ಇಷ್ಟು ಸರಳವಾದದ್ದನ್ನು ಕಠಿಣ ಮಾಡಿದವರು ಯಾರು? 2000ದ ದಶಕದಲ್ಲಿ ಕೆಲವು ಹೆಸರಾಂತ ಕಂಪನಿಗಳು ಯಂತ್ರದ ಬಯೋಸ್‌ನೊಳಗೆ ಒಪ್ಪಿಗೆಯ ಪಟ್ಟಿಯೊಂದನ್ನು ಅಡಗಿಸಿಟ್ಟವು. ಪಟ್ಟಿಯಲ್ಲಿಲ್ಲದ ಕಾರ್ಡು ಹಾಕಿದರೆ ಯಂತ್ರ ಏಳುತ್ತಲೇ ಇರಲಿಲ್ಲ. ರೇಡಿಯೊ ತರಂಗಗಳ ನಿಯಮವನ್ನು ಅದಕ್ಕೆ ಸಮರ್ಥನೆಯಾಗಿ ಹೇಳಲಾಯಿತು. ಅದೇ ನಿಯಮದಡಿ ಬೇರೆ ಕಂಪನಿಗಳು ಇಂಥ ಪಟ್ಟಿಯಿಲ್ಲದೆಯೇ ಲ್ಯಾಪ್‌ಟಾಪು ಮಾರಿದ್ದು ಆ ಸಮರ್ಥನೆಗೆ ಸಾಕಾದ ಉತ್ತರ. ಇಂದು ಪಟ್ಟಿಯ ಗೊಡವೆಯೂ ಬೇಡವಾಗಿದೆ: ಅನೇಕ ತೆಳು ಯಂತ್ರಗಳಲ್ಲಿ ವೈ-ಫೈ ಚಿಪ್ಪನ್ನು ಮುಖ್ಯ ಫಲಕಕ್ಕೇ ಬೆಸುಗೆ ಹಾಕಲಾಗುತ್ತಿದೆ. ಅದು ಕೆಟ್ಟರೆ ಫಲಕವೇ ಹೋಯಿತೆಂಬ ಮಾತು! ತೆಳುವಾಗಿಸಲು ಬೇರೆ ದಾರಿಯಿಲ್ಲವೆಂಬ ವಾದವೂ ನಿಲ್ಲುವುದಿಲ್ಲ. ಕಾರ್ಡನ್ನು ಬಳಕೆದಾರರೇ ಬದಲಿಸಬಲ್ಲ ತೆಳು ಲ್ಯಾಪ್‌ಟಾಪುಗಳು 2021ರಿಂದ ಮಾರುಕಟ್ಟೆಯಲ್ಲಿವೆ.

ಈ ಜಾಣತನದ ಬೆಲೆ ತೆರುವವರು ಬೆಟ್ಟದ ಜನ. ಲ್ಯಾಪ್‌ಟಾಪಿನ ಅಲ್ಯೂಮಿನಿಯಂ ಕವಚದ ಮೂಲ ಬಾಕ್ಸೈಟ್. ಅದಕ್ಕಾಗಿ ಬೆಟ್ಟ ಅಗೆಯಲು ಬಂದವರನ್ನು 2013ರಲ್ಲಿ ಒಡಿಶಾದ ನಿಯಮಗಿರಿಯ 12 ಗ್ರಾಮಸಭೆಗಳು ಒಕ್ಕೊರಲಿನಿಂದ ನಿರಾಕರಿಸಿದವು. ಗಣಿಯೆಂದರೇನೆಂದು ಕುದುರೆಮುಖ ಕಂಡವರಿಗೆ ವಿವರಿಸಬೇಕಿಲ್ಲ. ಇತ್ತ ಎಸೆದದ್ದರ ಲೆಕ್ಕವೂ ಭೀಕರ: ವಿಶ್ವಸಂಸ್ಥೆಯ ವರದಿಯ ಪ್ರಕಾರ 2022ರಲ್ಲಿ ಜಗತ್ತು 6.2 ಕೋಟಿ ಟನ್ ವಿದ್ಯುನ್ಮಾನ ಕಸ ಸುರಿಯಿತು. ಕ್ರಮಬದ್ಧವಾಗಿ ಸಂಗ್ರಹಗೊಂಡು ಮರುಬಳಕೆಯಾದದ್ದಕ್ಕೆ ದಾಖಲೆಯಿರುವುದು ಅದರ ಶೇ. 22.3ಕ್ಕೆ ಮಾತ್ರ.

ಕೇಂದ್ರ ಸರಕಾರ 2022ರ ಡಿಸೆಂಬರಿನಲ್ಲಿ 'ರಿಪೇರಿಯ ಹಕ್ಕು' ಪೋರ್ಟಲ್ ತೆರೆಯಿತು. ಆದರೆ ಬೆಸುಗೆ ಹಾಕಿದ ಚಿಪ್ಪನ್ನು ಯಾವ ಪೋರ್ಟಲ್ಲೂ ಬಿಚ್ಚಿಕೊಡಲಾರದು. ಬಿಚ್ಚಲು ಬರುವ ವಿನ್ಯಾಸ, ಕೈಗೆಟಕುವ ಬಿಡಿಭಾಗ, ಬಹಿರಂಗ ಕೈಪಿಡಿ ಇವು ಕಡ್ಡಾಯವಾಗಬೇಕು. ಶಾಲಾ ಕಾಲೇಜುಗಳು, ಪಂಚಾಯಿತಿಗಳು ಕಂಪ್ಯೂಟರ್ ಕೊಳ್ಳುವಾಗ ದರಕ್ಕಿಂತ ಮೊದಲು ಇದನ್ನು ಕೇಳಬೇಕು: 'ಇದರ ವೈ-ಫೈ ಕಾರ್ಡನ್ನು ತಿರುಪು ಬಿಚ್ಚಿ ತೆಗೆಯಬಹುದೇ?' ಇಲ್ಲವೆಂದರೆ ಆ ಮಾಲು ಅಂಗಡಿಯಲ್ಲೇ ಉಳಿಯಲಿ. ಬೆಟ್ಟ ಬೆಟ್ಟವಾಗಿಯೇ ಉಳಿಯಲಿ.