ಅಪರೂಪದ ದೊರೆ, ಸಾಮಾನ್ಯ ನಾಣ್ಯ

ಪುಣೆಯ ಜುನಾ ಬಜಾರಿನಲ್ಲಿ ಬುಧವಾರ ಮತ್ತು ಭಾನುವಾರ ನೆರೆಯುವ ಸಂತೆಗೆ ಹಳೆಯ ಕಬ್ಬಿಣ, ಹರಕು ಪುಸ್ತಕ, ನಿಂತುಹೋದ ಗಡಿಯಾರಗಳ ಜೊತೆಯಲ್ಲಿ ಹಳೆಯ ನಾಣ್ಯಗಳೂ ಬರುತ್ತವೆ. ನೆಲದ ಮೇಲೆ ಹಾಸಿದ ಬಟ್ಟೆಯೆದುರು ಕುಳಿತು ಸವೆದ ಅಕ್ಷರಗಳನ್ನು ಓದಲು ಹೆಣಗುವವರಿಗೆ ಈ ಊರಿನಲ್ಲಿ ಕೊರತೆಯಿಲ್ಲ. ಭಾರತ ಇತಿಹಾಸ ಸಂಶೋಧಕ ಮಂಡಳ 1910ರಲ್ಲಿ ಹುಟ್ಟಿದ ನಗರವಿದು. ಇತಿಹಾಸವೆಂಬುದು ಇಲ್ಲಿ ವಿದ್ವಾಂಸರ ಸ್ವತ್ತಷ್ಟೇ ಅಲ್ಲ, ಗೃಹಸ್ಥರ ಹವ್ಯಾಸವೂ ಹೌದು. ಶಿವರಾಯಿ ಕಾಸಿನಿಂದ ಆರಂಭವಾಗುವ ಈ ಹವ್ಯಾಸ ಕೆಲವರಲ್ಲಿ ರೋಮನ್ ನಾಣ್ಯಗಳವರೆಗೆ ಬೆಳೆಯುತ್ತದೆ. ಆಗ ಸಂಗ್ರಾಹಕನು ಕೇಳುವ ಮೊದಲ ಪ್ರಶ್ನೆ, 'ಇದು ಯಾವ ದೊರೆಯದು?' ಎರಡನೆಯದು, 'ಆ ದೊರೆ ಎಷ್ಟು ಅಪರೂಪ?' ಈ ಎರಡನೆಯ ಪ್ರಶ್ನೆ ಎಷ್ಟರಮಟ್ಟಿಗೆ ಸರಿ, ಅದರ ಉತ್ತರದಿಂದ ದಖ್ಖನ್ನಿನ ಇತಿಹಾಸಕ್ಕೆ ಆಗುವ ಲಾಭನಷ್ಟಗಳೇನು ಎಂಬುದನ್ನು ವಿಚಾರಿಸುವುದು ಅಗತ್ಯವಾಗಿದೆ.

ಅಪರೂಪವನ್ನು ಅಳೆಯುವ ಕ್ರಮ ಮೇಲುನೋಟಕ್ಕೆ ಸರಳವಾಗಿದೆ. ಕಡಿಮೆ ಕಾಲ ಆಳಿದವನ ನಾಣ್ಯ ಕಡಿಮೆ ಸಿಗುತ್ತದೆ. ಕ್ರಿ.ಶ. 69ರಲ್ಲಿ ಮೂರು ತಿಂಗಳು ಆಳಿದ ಓಥೋ, 193ರಲ್ಲಿ 87 ದಿನ ಆಳಿದ ಪರ್ಟಿನಾಕ್ಸ್, ಅವನ ನಂತರ 66 ದಿನ ಆಳಿದ ಡಿಡಿಯಸ್ ಜೂಲಿಯಾನಸ್, 238ರಲ್ಲಿ ಮೂರು ವಾರಗಳಷ್ಟು ಮೆರೆದ ಮೊದಲ ಇಬ್ಬರು ಗೋರ್ಡಿಯನ್ನರು ಸಂಗ್ರಾಹಕರ ಕನಸಿನ ದೊರೆಗಳು. ಸ್ವೆಟೋನಿಯಸ್ ಚರಿತ್ರೆ ಬರೆದ ಹನ್ನೆರಡು ಸೀಸರರ ಸಾಲನ್ನು ಪೂರ್ಣಗೊಳಿಸಬೇಕೆನ್ನುವವರಿಗೆ ಓಥೋನೇ ದೊಡ್ಡ ಅಡ್ಡಿ. ಆದರೆ ಆಳ್ವಿಕೆಯ ಅವಧಿಯೊಂದೇ ಮಾನದಂಡವಾಗಲಾರದು. 270ರಲ್ಲಿ ಕೆಲವೇ ಕಾಲ ಆಳಿದ ಕ್ವಿಂಟಿಲಸನ ಕೀಳು ಲೋಹದ ನಾಣ್ಯಗಳು ಹೇರಳವಾಗಿ ದೊರೆಯುತ್ತವೆ. ಹದಿಮೂರು ವರ್ಷ ಆಳಿದ ಕ್ಲಾಡಿಯಸನ ಬೆಳ್ಳಿಯ ನಾಣ್ಯಗಳಾದರೋ ಅಷ್ಟು ಸುಲಭವಲ್ಲ. ಟಂಕಸಾಲೆ ಯಾವ ಲೋಹವನ್ನು ಎಷ್ಟು ಅಚ್ಚು ಹಾಕಿತು, ನಂತರದವರು ಎಷ್ಟನ್ನು ಮರಳಿ ಕರಗಿಸಿದರು, ಯಾವ ಮಡಕೆ ಯಾವ ನೇಗಿಲಿಗೆ ತಗುಲಿತು ಎಂಬ ಸಂಗತಿಗಳೆಲ್ಲ ಇಲ್ಲಿ ಕೂಡಿಕೊಳ್ಳುತ್ತವೆ.

ಬೆಲೆಯಂತೂ ಬೇರೆಯೇ ಲೆಕ್ಕ. ಟೈಬೀರಿಯಸನ ಬೆಳ್ಳಿಯ ದಿನಾರಿಯಸ್ ಅಪರೂಪದ್ದಲ್ಲ. ಆದರೂ ಬೈಬಲ್ಲಿನಲ್ಲಿ ಯೇಸು ಕೈಗೆತ್ತಿಕೊಂಡು 'ಇದರ ಮೇಲಿನ ಮುಖ ಯಾರದು' ಎಂದು ಕೇಳಿದ ತೆರಿಗೆಯ ನಾಣ್ಯ ಇದೇ ಇರಬೇಕೆಂಬ ನಂಬಿಕೆಯಿಂದ ಪಶ್ಚಿಮದಲ್ಲಿ ಅದಕ್ಕೆ ಬೇಡಿಕೆ ಹೆಚ್ಚು. ಹಾಗಾಗಿ ಅಪರೂಪವೆಂಬುದು ನಾಣ್ಯದ ಗುಣಕ್ಕಿಂತ ಹೆಚ್ಚಾಗಿ ಅದನ್ನು ಹುಡುಕುವವರ ಗುಣವನ್ನು ಹೇಳುವ ಮಾತಾಗಿದೆ.

ಈಗ ದಖ್ಖನ್ನಿನ ನೆಲಕ್ಕೆ ಬರಬಹುದು. 1965ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ 256 ರೋಮನ್ ಬೆಳ್ಳಿಯ ನಾಣ್ಯಗಳು ದೊರೆತವು. ಅವು ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸರ ಕಾಲದವು. ತೆಲಂಗಾಣದ ಅಕ್ಕನಪಲ್ಲಿಯ ನಿಧಿಯಲ್ಲಿದ್ದ 1,531 ದಿನಾರಿಯಸ್‌ಗಳಲ್ಲಿಯೂ ಮೊದಲ ಇಬ್ಬರದೇ ಪ್ರಾಬಲ್ಯ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ದೊರೆತ ಟೈಬೀರಿಯಸನ ನಾಣ್ಯ ಆ ನೆಲೆಯ ಕಾಲನಿರ್ಣಯಕ್ಕೆ ಊರುಗೋಲಾಯಿತು. ಸಂಗ್ರಾಹಕನ ಪಟ್ಟಿಯಲ್ಲಿ ಇವೆಲ್ಲ 'ಸಾಮಾನ್ಯ' ಎಂಬ ಗುರುತು ಪಡೆಯುವ ನಾಣ್ಯಗಳು. ಆದರೆ ಇತಿಹಾಸಕಾರನಿಗೆ ಈ ಸಾಮಾನ್ಯತೆಯೇ ಸಾಕ್ಷ್ಯ. ನೀರೋ ಕ್ರಿ.ಶ. 64ರ ಸುಮಾರಿಗೆ ದಿನಾರಿಯಸ್ಸಿನ ತೂಕವನ್ನೂ ಶುದ್ಧಿಯನ್ನೂ ಇಳಿಸಿದನು. ಒಂದು ರೋಮನ್ ಪೌಂಡು ಬೆಳ್ಳಿಗೆ 84 ಇದ್ದದ್ದು 96 ಆಯಿತು. ದಕ್ಷಿಣ ಭಾರತದ ಬೆಳ್ಳಿಯ ನಿಧಿಗಳಲ್ಲಿ ಅದಕ್ಕೆ ಹಿಂದಿನ, ತೂಕವುಳ್ಳ ನಾಣ್ಯಗಳೇ ತುಂಬಿರುವುದನ್ನು ನೋಡಿದರೆ, ನಮ್ಮ ವರ್ತಕರು ದೊರೆಯ ಮುಖವನ್ನಲ್ಲ, ತಕ್ಕಡಿಯ ಮುಳ್ಳನ್ನು ನಂಬಿದ್ದರೆಂದು ತಿಳಿಯುತ್ತದೆ. ಪ್ಲಿನಿ ಹೇಳುವ ಒಂದು ಪ್ರಸಂಗ ಇದಕ್ಕೆ ಒಪ್ಪುತ್ತದೆ. ಕ್ಲಾಡಿಯಸನ ಕಾಲದಲ್ಲಿ ಗಾಳಿಗೆ ಸಿಕ್ಕಿ ಸಿಂಹಳಕ್ಕೆ ಬಂದ ರೋಮನ್ನನೊಬ್ಬನ ಬಳಿಯಿದ್ದ ನಾಣ್ಯಗಳ ಮೇಲೆ ಬೇರೆ ಬೇರೆ ಮುಖಗಳಿದ್ದರೂ ತೂಕ ಒಂದೇ ಆಗಿದ್ದುದನ್ನು ಕಂಡು ಅಲ್ಲಿನ ಅರಸನು ರೋಮನ್ನರ ಪ್ರಾಮಾಣಿಕತೆಯನ್ನು ಮೆಚ್ಚಿದನಂತೆ. ಇಂದಿನ ಸಂಗ್ರಾಹಕನು ನೋಡುವುದು ಮುಖದ ವ್ಯತ್ಯಾಸವನ್ನು. ಆ ಅರಸನು ನೋಡಿದ್ದು ತೂಕದ ಸಾಮ್ಯವನ್ನು.

ಪುಣೆಯ ಸುತ್ತಲಿನ ಪ್ರದೇಶದಲ್ಲಿ ಸಮಸ್ಯೆ ಇನ್ನೊಂದು ಬಗೆಯದು. ಕಾರ್ಲೆಯ ಚೈತ್ಯದ ಕಂಬಗಳ ಮೇಲೆ, ಜುನ್ನರದ ಲೇಣಗಳಲ್ಲಿ ದಾನಿಗಳಾದ ಯವನರ ಹೆಸರುಗಳಿವೆ. ನಾಣೇಘಾಟಿನ ಕಣಿವೆಯಿಂದ ಕರಾವಳಿಯ ಸರಕು ಮೇಲೇರುತ್ತಿತ್ತು. ಭರುಕಚ್ಛದಲ್ಲಿ ರೋಮನ್ ಚಿನ್ನ ಬೆಳ್ಳಿಯ ನಾಣ್ಯಗಳನ್ನು ಸ್ಥಳೀಯ ಹಣಕ್ಕೆ ಬದಲಾಯಿಸಿದರೆ ಲಾಭವಿತ್ತೆಂದು 'ಪೆರಿಪ್ಲಸ್' ಹೇಳುತ್ತದೆ. ಆದರೂ ಪಶ್ಚಿಮ ದಖ್ಖನ್ನಿನಲ್ಲಿ ದೊರೆತ ರೋಮನ್ ನಾಣ್ಯಗಳು ಕೃಷ್ಣಾ ತೀರದಲ್ಲಿಯೂ ಕೊಯಮತ್ತೂರಿನ ಸುತ್ತಲೂ ದೊರೆತವುಗಳಿಗಿಂತ ಬಹಳ ಕಡಿಮೆ. ಬಂದ ಬೆಳ್ಳಿಯನ್ನು ಕ್ಷತ್ರಪರು ಕರಗಿಸಿ ತಮ್ಮ ನಾಣ್ಯ ಮಾಡಿಕೊಂಡಿರಬಹುದೆಂಬುದು ವಿದ್ವಾಂಸರ ಊಹೆ. ಅಂದರೆ ಇಲ್ಲಿ ದೊರೆಯ ಅಪರೂಪಕ್ಕಿಂತ ನೆಲದ ಅಪರೂಪ ಹೆಚ್ಚು ಅರ್ಥಪೂರ್ಣವಾದುದು. ಓಥೋನ ನಾಣ್ಯವೊಂದು ಹರಾಜಿನಲ್ಲಿ ಕೈಸೇರುವುದಕ್ಕಿಂತ, ಟೈಬೀರಿಯಸನ ಸವೆದ ನಾಣ್ಯವೊಂದು ಜುನ್ನರದ ಇಂಥ ಹೊಲದಲ್ಲಿ ಇಂಥ ವಸ್ತುಗಳ ಜೊತೆ ಸಿಕ್ಕಿತೆಂದು ಖಚಿತವಾಗುವುದೇ ದೊಡ್ಡ ಸಂಗತಿ.

ನಿಧಿಯನ್ನು ಇಡಿಯಾಗಿ ಉಳಿಸಿಕೊಂಡರೆ ಏನು ದೊರೆಯುತ್ತದೆ ಎಂಬುದಕ್ಕೆ ನಾಸಿಕ ಜಿಲ್ಲೆಯ ಜೋಗಳಟೆಂಭಿಯೇ ನಿದರ್ಶನ. 1906ರಲ್ಲಿ ಅಲ್ಲಿ ನಹಪಾನನ 13,000ಕ್ಕೂ ಹೆಚ್ಚು ಬೆಳ್ಳಿಯ ನಾಣ್ಯಗಳು ದೊರೆತವು. ಅವುಗಳಲ್ಲಿ ಮೂರರಲ್ಲಿ ಎರಡು ಭಾಗದಷ್ಟರ ಮೇಲೆ ಗೌತಮೀಪುತ್ರ ಶಾತಕರ್ಣಿ ತನ್ನ ಮುದ್ರೆಯನ್ನು ಮತ್ತೆ ಒತ್ತಿಸಿದ್ದನು. ಕ್ಷಹರಾತ ವಂಶವನ್ನು ಅವನು ನಿರ್ಮೂಲ ಮಾಡಿದನೆಂಬ ನಾಸಿಕದ ಶಾಸನದ ಮಾತಿಗೆ ಇದರಿಂದ ಲೋಹದ ಸಾಕ್ಷಿ ದೊರೆಯಿತು. ಆ ಮಡಕೆ ಮೊದಲು ವ್ಯಾಪಾರಿಯ ಕೈಗೆ ಸಿಕ್ಕಿದ್ದರೆ ಏನಾಗುತ್ತಿತ್ತು? ಮುಖ ಸ್ಪಷ್ಟವಾಗಿರುವ ಹತ್ತಿಪ್ಪತ್ತು ನಾಣ್ಯಗಳು ಸಂಗ್ರಾಹಕರ ಪೆಟ್ಟಿಗೆ ಸೇರಿ, ಮುದ್ರೆ ಬಿದ್ದು 'ಕೆಟ್ಟ' ಸಾವಿರಾರು ನಾಣ್ಯಗಳು ಕುಲುಮೆಗೆ ಹೋಗುತ್ತಿದ್ದವು. ಸಂಗ್ರಾಹಕನ ಕಣ್ಣಿಗೆ ದೋಷವಾದದ್ದೇ ಚರಿತ್ರೆಯ ಮುಖ್ಯ ವಾಕ್ಯವಾಗಿತ್ತು.

ಇದೇ ಮಾತು ರೋಮನ್ ನಾಣ್ಯಗಳಿಗೂ ಸಲ್ಲುತ್ತದೆ. 1898ರಲ್ಲಿ ಪುದುಕೋಟೆಯ ಸೀಮೆಯಲ್ಲಿ ದೊರೆತ 501 ಚಿನ್ನದ ನಾಣ್ಯಗಳಲ್ಲಿ ಬಹುಪಾಲಿನವುಗಳ ಮೇಲೆ ಚಕ್ರವರ್ತಿಯ ಮುಖಕ್ಕೆ ಅಡ್ಡಲಾಗಿ ಉಳಿಯ ಗಾಯವಿದೆ. ತೇರ ಮತ್ತು ಕೊಂಡಾಪುರಗಳಲ್ಲಿ ರೋಮನ್ ನಾಣ್ಯವನ್ನು ಅನುಕರಿಸಿ ಮಾಡಿದ ಮಣ್ಣಿನ ಪದಕಗಳು ದೊರೆತಿವೆ. ಕೊರಳಿಗೆ ಕಟ್ಟಿಕೊಳ್ಳಲು ತೂತು ಹಾಕಿದ ಚಿನ್ನದ ನಾಣ್ಯಗಳೂ, ಅಕ್ಷರ ತಿಳಿಯದ ಅಕ್ಕಸಾಲಿಗನು ಗೀರುಗಳನ್ನೇ ಅಕ್ಷರವೆಂದು ಕೆತ್ತಿದ ಅನುಕರಣೆಗಳೂ ಇವೆ. ಇವು ಯಾವ ದೊರೆಯವೂ ಅಲ್ಲವಾದ್ದರಿಂದ ದೊರೆಗಳ ಪಟ್ಟಿಯಲ್ಲಿ ಇವುಗಳಿಗೆ ಸ್ಥಾನವಿಲ್ಲ. ಆದರೆ ಕಾಸಿನ ಸರ ತೊಡುವ ನಾಡಿನ ಜನ ಪರದೇಶದ ನಾಣ್ಯವನ್ನು ಹೇಗೆ ತಮ್ಮದನ್ನಾಗಿ ಮಾಡಿಕೊಂಡರೆಂಬುದನ್ನು ಇವಲ್ಲದೆ ಬೇರೆ ಯಾವುವೂ ಹೇಳಲಾರವು. ಗ್ರೀಕರ ದ್ರಖ್ಮೆಯೆಂಬ ಹೆಸರು 'ದ್ರಮ್ಮ'ವಾಗಿ ಕನ್ನಡ ಶಾಸನಗಳನ್ನು ಹೊಕ್ಕಿದ್ದೂ ಇಂಥದೇ ಅಂಗೀಕಾರದಿಂದ.

ಸಂಗ್ರಾಹಕರ ಪರವಾಗಿಯೂ ಹೇಳಬೇಕಾದ ಮಾತುಗಳಿವೆ. ಅವರ ಆಸಕ್ತಿಯಿಲ್ಲದಿದ್ದರೆ ಎಷ್ಟೋ ನಾಣ್ಯಗಳು ಅಕ್ಕಸಾಲಿಗನ ಮೂಸೆಯಲ್ಲಿ ಕರಗುತ್ತಿದ್ದವು. ಕಾನೂನು ಕೂಡ ಶೋಧಕನಿಗೆ ಧೈರ್ಯ ತುಂಬುವಂತಿಲ್ಲ. 1878ರ ಭಾರತೀಯ ನಿಧಿ ಕಾಯಿದೆಯಂತೆ ಹತ್ತು ರೂಪಾಯಿಗೆ ಮೀರಿದ ನಿಧಿಯನ್ನು ಕಲೆಕ್ಟರರಿಗೆ ತಿಳಿಸಬೇಕು. ಸರಕಾರ ಅದನ್ನು ತೆಗೆದುಕೊಳ್ಳುವಾಗ ಕೊಡುವುದು ಲೋಹದ ಬೆಲೆ ಮತ್ತು ಅದರ ಐದನೆಯ ಒಂದು ಪಾಲು. ಪೇಟೆ ದೊರೆಯ ಮುಖಕ್ಕೆ ಬೆಲೆ ಕಟ್ಟುವಾಗ ಕಾಯಿದೆ ಬೆಳ್ಳಿಯ ತೂಕಕ್ಕಷ್ಟೇ ಬೆಲೆ ಕಟ್ಟಿದರೆ, ಬಡ ರೈತನು ಯಾವ ಬಾಗಿಲನ್ನು ತಟ್ಟುವನೆಂದು ಬೇರೆ ಹೇಳಬೇಕಾಗಿಲ್ಲ. ಈ ಅಂತರವನ್ನು ತುಂಬದೆ ಸಂಗ್ರಾಹಕರನ್ನಷ್ಟೇ ದೂರುವುದು ನ್ಯಾಯವಲ್ಲ.

ಆದರೆ ಸಂಗ್ರಹಕ್ಕೆ ಬೇರೊಂದು ಆದರ್ಶವೂ ಪುಣೆಯಲ್ಲಿಯೇ ಇದೆ. ದಿನಕರ ಕೇಳ್ಕರರು ಜೀವಮಾನವಿಡೀ ಕೂಡಿಸಿ, ಅಗಲಿದ ಮಗ ರಾಜನ ಹೆಸರಿನಲ್ಲಿ 1975ರಲ್ಲಿ ಸರಕಾರಕ್ಕೆ ಒಪ್ಪಿಸಿದ ಸಂಗ್ರಹದ ಹಿರಿಮೆ ಅಡಕತ್ತರಿ, ದೀಪ, ಪಾತ್ರೆಗಳಂಥ ಮನೆವಸ್ತುಗಳಲ್ಲಿದೆ. ಸಾಮಾನ್ಯವಾದುದನ್ನು ಗೌರವದಿಂದ ಕೂಡಿಸಿದರೆ ಅದು ಒಂದು ಜನಾಂಗದ ಬದುಕಿನ ದಾಖಲೆಯಾಗುತ್ತದೆ ಎಂಬುದನ್ನು ಅವರು ತೋರಿಸಿಕೊಟ್ಟರು. ನಾಣ್ಯಸಂಗ್ರಾಹಕರೂ ಈ ದಾರಿ ಹಿಡಿಯಬಹುದು. ನಾಣ್ಯ ದೊರೆತ ಊರು, ಜೊತೆಯಲ್ಲಿದ್ದವುಗಳ ಸಂಖ್ಯೆ, ತೂಕ, ಗಾಯ, ತೂತು ಇವೆಲ್ಲವನ್ನು ಬರೆದಿಡುವುದಕ್ಕೆ ಹಣ ಬೇಕಾಗಿಲ್ಲ, ಒಂದು ವಹಿ ಸಾಕು.

ಕನ್ನಡ ವಿಭಾಗಗಳ ಹೊಣೆಯೂ ಇಲ್ಲಿದೆ. ಶಾಸನವನ್ನು ಓದುವವನು ಅರಸನ ಹೆಸರಿರುವ ಸಾಲನ್ನಷ್ಟೇ ನಕಲು ಮಾಡಿಕೊಂಡು ಉಳಿದುದನ್ನು ಬಿಡುವುದಿಲ್ಲ. ದಾನದ ಭೂಮಿ, ಎಲ್ಲೆಕಟ್ಟು, ಸಾಕ್ಷಿಗಳ ಹೆಸರು, ಕೊನೆಯ ಶಾಪಾಶಯದವರೆಗೆ ಎಲ್ಲವನ್ನೂ ಓದುತ್ತಾನೆ. ನಾಣ್ಯನಿಧಿಯೂ ಅಂಥ ಒಂದು ಶಾಸನ. ಅದರಿಂದ ಅಪರೂಪದ ದೊರೆಗಳನ್ನು ಆರಿಸಿ ತೆಗೆಯುವುದೆಂದರೆ ಶಾಸನದ ಕಲ್ಲಿನಿಂದ ಪ್ರಶಸ್ತಿಯ ಭಾಗವನ್ನು ಒಡೆದುಕೊಂಡು ಹೋದಂತೆ. ಯಶವಂತಪುರದ ಮಣ್ಣಿನಲ್ಲಿ ಆ ನಾಣ್ಯಗಳನ್ನು ಹೂತಿಟ್ಟವನಿಗೆ ಅಗಸ್ಟಸ್ ಯಾರು, ಟೈಬೀರಿಯಸ್ ಯಾರು ಎಂಬುದು ಬಹುಶಃ ತಿಳಿದಿರಲಿಲ್ಲ. ಅವನು ಎಣಿಸಿ ಇಟ್ಟ, ಮರಳಿ ಬಂದು ತೆಗೆಯಲಿಲ್ಲ. ಆ ನಿಧಿಯಲ್ಲಿ ನಿಜವಾಗಿ ಅಪರೂಪವಾದವನು ಅವನೇ. ಅವನ ಸುಳಿವು ಉಳಿಯುವುದು ನಿಧಿ ಒಡೆಯದೆ ಉಳಿದರೆ ಮಾತ್ರ.